ಐಟಿಐ ಕಮಿಟಿಗೆ ಕರೆದಿದ್ದಾರೆ, ಹೋಗಿ ಮಾಡೋದೇನು?

ಸಣ್ಣಶೆಡ್:
ನನ್ನದು ಎಂಟು ಜನರ ಮಷಿನ್ ಶಾಪ್. ಪಂಪಿನ ಶಾಫ್ಟ್, ಬುಷ್ ಮಾಡುತ್ತೇವೆ. ಮೊನ್ನೆ ನಮ್ಮ ತಾಲ್ಲೂಕಿನ ಸರ್ಕಾರಿ ಐಟಿಐ ಪ್ರಿನ್ಸಿಪಾಲರು ಬಂದು, ಐಎಂಸಿಗೆ ಸದಸ್ಯರಾಗಿ ಅಂದರು. ಅದೇ, ಉದ್ಯಮದವರೂ ಕೂತು ಐಟಿಐ ನೋಡಿಕೊಳ್ಳುವ ಇನ್‌ಸ್ಟಿಟ್ಯೂಟ್ ಮ್ಯಾನೇಜ್‌ಮೆಂಟ್ ಕಮಿಟಿ. ನನಗೆ ಲೇತ್ ಓಡಿಸುವ ಟರ್ನರ್ ಹುಡುಗರು ಬೇಕು, ಸಿಗುತ್ತಿಲ್ಲ. ಆದರೆ ಕಮಿಟಿ ಅಂದರೆ ಟೀ ಕುಡಿದು ಸಹಿ ಹಾಕೋದು ಅಂತ ಎಲ್ಲರೂ ನಗುತ್ತಾರೆ. ಯಾರಾದರೂ ಇದ್ದು ನೋಡಿದ್ದೀರಾ?

ಹಳೇಲೇತ್:
ಬೇರೆ ಜಿಲ್ಲೆಯ ಒಂದು ಐಟಿಐಯಲ್ಲಿ ನಾಲ್ಕು ವರ್ಷ ಇದ್ದೆ. ನಗುವವರದ್ದು ಅರ್ಧ ನಿಜ. ಮೊದಲ ಮೂರು ಸಭೆಯಲ್ಲಿ ನಾನು ಮಾಡಿದ್ದೂ ಅದೇ. ಬಿಸ್ಕತ್ತು ಚೆನ್ನಾಗಿತ್ತು.

ನಾಲ್ಕನೇ ಸಭೆಗೆ ನಮ್ಮಲ್ಲಿ ರಿಜೆಕ್ಟ್ ಆದ ಒಂದು ಶಾಫ್ಟ್ ಚೀಲದಲ್ಲಿ ಹಾಕಿಕೊಂಡು ಹೋದೆ. ಬೇರಿಂಗ್ ಕೂರುವ ಜಾಗ 25 ಮಿಮೀ ಇರಬೇಕು, ಇದು 24.97. ಬೇರಿಂಗ್ ಬೆರಳಲ್ಲೇ ಜಾರಿ ಬರುತ್ತಿತ್ತು. ಲೇತ್‌ನಲ್ಲಿ ಅದನ್ನು ಮಾಡಿದವನು ಅದೇ ಐಟಿಐಯಲ್ಲಿ ಪಾಸಾದ ಹುಡುಗ. ಐಟಿಐ ವರ್ಕ್‌ಶಾಪಿಗೆ ಹೋಗಿ, ಅಳೆಯಿರಿ ಅಂತ ಹುಡುಗರಿಗೆ ಅಂದೆ. ವರ್ನಿಯರ್ ಹಿಡಿದು '25, ಸರಿ ಇದೆ ಸರ್' ಅಂದರು. ಇಷ್ಟು ಸಣ್ಣ ವ್ಯತ್ಯಾಸ ಸರಿಯಾಗಿ ಹಿಡಿಯೋದು ಮೈಕ್ರೋಮೀಟರ್. ಅದೆಲ್ಲಪ್ಪ ಅಂದರೆ ಮುಖ ಮುಖ ನೋಡಿಕೊಂಡರು. ಇಪ್ಪತ್ತು ಜನರ ಬ್ಯಾಚಿಗೆ ಇದ್ದದ್ದು ಎರಡು, ಅವೂ ಬೀರುವಿನಲ್ಲಿ ಬೀಗದೊಳಗೆ. ಕಳೆದುಹೋದರೆ ತಮ್ಮ ತಲೆಗೆ ಬರುತ್ತದೆ ಅಂತ ಇನ್‌ಸ್ಟ್ರಕ್ಟರಿಗೆ ಭಯ. ಪಾಪ, ಅವರದ್ದೂ ತಪ್ಪಲ್ಲ.

ಮುಂದಿನ ಸಭೆಯಲ್ಲಿ ನಿರ್ಣಯ ಬರೆಸಿದೆ: 10 ಮೈಕ್ರೋಮೀಟರ್, ಪ್ರಾಕ್ಟೀಸಿಗೆ ರಾಡು, ಹಾಳಾದರೆ ಕಮಿಟಿಯೇ ಹೊಣೆ. ಅಷ್ಟೇ. ಮರುವರ್ಷ ಬಂದ ಇಬ್ಬರು ಹುಡುಗರು ಕೇಳುವ ಮೊದಲೇ ಮೈಕ್ರೋಮೀಟರಿಗೆ ಕೈ ಹಾಕುತ್ತಿದ್ದರು.

ದುಡ್ಡಿನ ಮಾತು. 2007ರ ಪಿಪಿಪಿ (ಸರ್ಕಾರ-ಖಾಸಗಿ ಪಾಲುದಾರಿಕೆ) ಯೋಜನೆಯಲ್ಲಿ ದೇಶದ 1,396 ಸರ್ಕಾರಿ ಐಟಿಐಗಳಿಗೆ ಕೇಂದ್ರದಿಂದ ಬಡ್ಡಿಯಿಲ್ಲದ ಸಾಲ ಅಂತ ಇತ್ತು. ಒಂದೊಂದಕ್ಕೆ 2.5 ಕೋಟಿ ರೂಪಾಯಿ ತನಕ, ಅದೂ ನೇರ ಐಎಂಸಿ ಕೈಗೆ. ಮೊದಲ 10 ವರ್ಷ ಕಂತಿಲ್ಲ, ಆಮೇಲೆ 20 ವರ್ಷ ಕಟ್ಟಬೇಕು. ನಿಮ್ಮದು ಆ ಪಟ್ಟಿಯಲ್ಲಿತ್ತಾ ಕೇಳಿ. ಇದ್ದರೆ ಮೊದಲು ಪಾಸ್‌ಬುಕ್ ನೋಡಿ. ನಮ್ಮಲ್ಲಿ ಜಾಸ್ತಿ ಭಾಗ ಎಫ್‌ಡಿಯಲ್ಲಿ ಸುಮ್ನೆ ಕೂತಿತ್ತು, ಇತ್ತ ಹುಡುಗರು ಒಂದೇ ರಾಡನ್ನು ಕಡ್ಡಿ ಆಗುವ ತನಕ ತಿರುಗಿಸುತ್ತಿದ್ದರು.

ಫಿಟ್ಟರ್‌ಮೇಷ್ಟ್ರು:
ಬೀಗದ ಕಥೆ ನಮ್ಮಲ್ಲೂ ಅದೇ, ನಗು ಬಂತು. ಒಂದು ಎಚ್ಚರಿಕೆ. ಸಿಲೆಬಸ್ ಬದಲಿಸಿ ಅಂತ ಹಟ ಹಿಡಿಯಬೇಡಿ. ಅದು ಕೇಂದ್ರದ ತರಬೇತಿ ಮಹಾನಿರ್ದೇಶನಾಲಯದಿಂದ (ಡಿಜಿಟಿ) ಬರುತ್ತದೆ, ಪರೀಕ್ಷೆ ದೇಶಕ್ಕೆಲ್ಲ ಒಂದೇ. ಖಾಯಂ ಹುದ್ದೆ ತುಂಬಿಸುವುದೂ ಕಮಿಟಿ ಕೈಯಲ್ಲಿಲ್ಲ. ಆದರೆ ತಿಂಗಳಿಗೊಂದು ದಿನ ಹುಡುಗರನ್ನು ನಿಮ್ಮ ಶೆಡ್ಡಿಗೆ ಕರೆಸಿಕೊಳ್ಳಿ, ಅದನ್ನು ಯಾರೂ ತಡೆಯುವುದಿಲ್ಲ.

ಹಳೇಲೇತ್:
ಹೌದು. ಅಪ್ರೆಂಟಿಸ್ ಕೂಡ ತೆಗೆದುಕೊಳ್ಳಿ. 2019ರ ನಿಯಮದಂತೆ 30 ಜನ ಮತ್ತು ಮೇಲಿದ್ದವರಿಗೆ ಕಡ್ಡಾಯ, ನಾಲ್ಕು ಜನರಿದ್ದರೂ ಬೇಕಾದರೆ ತೆಗೆದುಕೊಳ್ಳಬಹುದು. ಒಬ್ಬನನ್ನೂ ತೆಗೆದುಕೊಳ್ಳದೆ ಸಭೆಯಲ್ಲಿ 'ಹುಡುಗರಿಗೆ ಕೆಲಸ ಬರಲ್ಲ' ಅಂದರೆ ಯಾರು ಕೇಳುತ್ತಾರೆ, ಅಲ್ವಾ?

ಸಣ್ಣಶೆಡ್:
ನಾಳಿದ್ದು ಪ್ರಿನ್ಸಿಪಾಲರನ್ನು ನೋಡಿ ಬರುತ್ತೇನೆ. ಶಾಫ್ಟ್ ಹುಡುಕಬೇಕಿಲ್ಲ, ರಿಜೆಕ್ಟ್ ಡಬ್ಬಿ ತುಂಬಿದೆ.