ಹಳೆ ಕಾರು ಬಳಗ: ಎಂಜಿನ್ ಸದ್ದಿನ ಬಗ್ಗೆ ಮೇಸ್ತ್ರಿಗೆ ಕೇಳಿ

ಅಡ್ಮಿನ್: ಇವತ್ತು ಎಂಜಿನ್ ಸದ್ದಿನ ಪ್ರಶ್ನೆಗಳು ಮಾತ್ರ. ಬಿಡುವಾದಂತೆ ಮೇಸ್ತ್ರಿ ಉತ್ತರ ಕೊಡುತ್ತಾರೆ.

ಹಾಸನ ಅಂಬಾಸಿಡರ್: ನಮಸ್ಕಾರ ಮೇಸ್ತ್ರಿ. 1489 ಸಿಸಿ ಪೆಟ್ರೋಲ್ ಗಾಡಿ, ಅಪ್ಪನದ್ದು. ವರ್ಷಗಟ್ಟಲೆ ಶೆಡ್‌ನಲ್ಲೇ ನಿಂತಿತ್ತು. ಎಂಜಿನ್ ಬಿಸಿಯಾದ ಮೇಲೆ ಕೀಚ್ ಕೀಚ್ ಅನ್ನುತ್ತೆ. ಹೊಸ ಫ್ಯಾನ್ ಬೆಲ್ಟ್ ಹಾಕಿಸಿದರೂ ಹೋಗಲಿಲ್ಲ.

ಮೇಸ್ತ್ರಿ: ಸದ್ದು ಬರುವಷ್ಟು ಬಿಸಿ ಮಾಡಿ, ಆಫ್ ಮಾಡಿ, ಬೆಲ್ಟ್ ಬಿಚ್ಚಿ ಮತ್ತೆ ಸ್ಟಾರ್ಟ್ ಮಾಡಿ. ಅರ್ಧ ನಿಮಿಷ ಸಾಕು, ಎಂಜಿನ್ ತಣ್ಣಗಿಡೋ ವಾಟರ್ ಪಂಪ್ ತಿರುಗುತ್ತಿರಲ್ಲ. ಸದ್ದು ನಿಂತರೆ ಬೆಲ್ಟ್, ಪಂಪ್ ಅಥವಾ ಡೈನಮೋ (ಬ್ಯಾಟರಿ ಚಾರ್ಜ್ ಮಾಡೋದು). ನಿಲ್ಲದಿದ್ದರೆ ಹೇಳಿ.

ಹುಬ್ಬಳ್ಳಿ ಪದ್ಮಿನಿ: ಸರ, ನಮ್ಮ ಗಾಡಿ ಮುಂಜಾನೆ ಸ್ಟಾರ್ಟ್ ಮಾಡಿದಾಗ ಕುಂಯ್ ಅಂತೈತಿ, ಆಮೇಲೆ ತಾನೇ ನಿಲ್ಲತೈತಿ.

ಮೇಸ್ತ್ರಿ: ಬೆಲ್ಟ್ ಸಡಿಲ. ಹೆಬ್ಬೆರಳಲ್ಲಿ ಒತ್ತಿದರೆ ಸುಮಾರು ಅರ್ಧ ಇಂಚು ಬಗ್ಗಬೇಕು. ತೀರಾ ಬಿಗಿ ಮಾಡಿದರೆ ಪಂಪ್ ಬೇರಿಂಗ್ ಹೋಗುತ್ತೆ.

ತುಮಕೂರು: ಫಾರ್ವರ್ಡ್ ಬಂದಿದೆ ನೋಡಿ: "ಬೆಲ್ಟ್‌ಗೆ ಕೊಬ್ಬರಿ ಎಣ್ಣೆ ಸವರಿ, ಸದ್ದು ಮಾಯ!"

ಮೇಸ್ತ್ರಿ: ಎಣ್ಣೆ ಸವರಿದರೆ ಬೆಲ್ಟ್ ಜಾರುತ್ತೆ. ಬ್ಯಾಟರಿ ಚಾರ್ಜ್ ಆಗಲ್ಲ, ಎಂಜಿನ್ ಕಾಯುತ್ತೆ. ಸಾಬೂನು, ಪೌಡರ್, ಮೇಣದಬತ್ತಿ ಎಲ್ಲಕ್ಕೂ ಇದೇ ಉತ್ತರ. ಪತ್ತೆ ಹಚ್ಚೋಕೆ ಬೆಲ್ಟ್ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ. ಸದ್ದು ನಿಂತು ಮತ್ತೆ ಬಂದರೆ ಪುಲ್ಲಿಗಳು ಒಂದೇ ಗೆರೆಯಲ್ಲಿ ಇಲ್ಲ. ಜಾಸ್ತಿಯಾದರೆ ಬೆಲ್ಟ್ ಸಡಿಲ. ಪಂಚೆ ಉಟ್ಟು ಫ್ಯಾನ್ ಹತ್ತಿರ ಹೋಗಬೇಡಿ.

ಮಂಗಳೂರು ಹೆರಾಲ್ಡ್: ಡಿಸ್ಟ್ರಿಬ್ಯೂಟರ್ ಬುಷ್ (ಶಾಫ್ಟ್ ತಿರುಗುವ ಬಳೆ) ಎಲ್ಲಿ ಸಿಗುತ್ತದೆ ಮೇಸ್ತ್ರಿ?

ಹಾಸನ ಅಂಬಾಸಿಡರ್: ಬೆಲ್ಟ್ ಬಿಚ್ಚಿದರೂ ಸದ್ದಿದೆ. ಎಂಜಿನ್ ಮೇಲ್ಗಡೆಯಿಂದ ಬಂದ ಹಾಗಿದೆ. ಅಂದ ಹಾಗೆ ಹೋದ ತಿಂಗಳು ನಮ್ಮ ಭಾವ ವಿಡಿಯೋ ನೋಡಿ, ಆಯಿಲ್ ಜೊತೆ ಸೀಮೆಎಣ್ಣೆ ಸುರಿದು ಎಂಜಿನ್ ಓಡಿಸಿದ್ದರು. ಒಳಗೆ ಕ್ಲೀನ್ ಆಗುತ್ತೆ ಅಂತ.

ಮೇಸ್ತ್ರಿ: ಇದನ್ನು ಮೊದಲೇ ಹೇಳೋದಲ್ವಾ! ಗಾಡಿ ರಸ್ತೆಗೆ ಇಳಿಸಬೇಡಿ.

ಈಗ ಅನುಮಾನ ಎರಡು ಕಡೆ: ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್, ವಾಲ್ವ್ ಒತ್ತುವ ರಾಕರ್. ಎರಡೂ ನಡೆಯುವುದು ಕ್ಯಾಮ್ (ವಾಲ್ವ್ ನಡೆಸುವ ಶಾಫ್ಟ್) ಲೆಕ್ಕದಲ್ಲಿ, ಅಂದರೆ ಪಿಸ್ಟನ್ ತಿರುಗಿಸುವ ಮುಖ್ಯ ಶಾಫ್ಟ್ ಆದ ಕ್ರ್ಯಾಂಕ್‌ನ ಅರ್ಧ ವೇಗದಲ್ಲಿ. ಹಾಗಾಗಿ ಕಿವಿಗೆ ಎರಡೂ ಒಂದೇ ಥರ. ಸುಲಭದ್ದು ಮೊದಲು ನೋಡಿ. ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು, ರೋಟರ್ ಎತ್ತಿ, ಶಾಫ್ಟ್ ತಲೆಗೆ ಎರಡೇ ಹನಿ ಎಂಜಿನ್ ಆಯಿಲ್ ಬಿಡಿ. ಪಕ್ಕದಲ್ಲಿ ಕರೆಂಟ್ ಕಡಿಯುವ ಪಾಯಿಂಟ್‌ಗೆ ತಾಗಬಾರದು. ಸದ್ದು ಹೋದರೆ ಬಚಾವ್.

ಹೋಗದಿದ್ದರೆ ಟ್ಯಾಪೆಟ್ ಕವರ್ (ರಾಕರ್ ಮೇಲಿನ ಮುಚ್ಚಳ) ತೆಗೆದು ಸ್ವಲ್ಪ ಹೊತ್ತು ಐಡ್ಲಿಂಗ್‌ನಲ್ಲಿ ಬಿಡಿ. ಎಂಟು ರಾಕರ್‌ಗಳಲ್ಲೂ ಆಯಿಲ್ ಜಿನುಗಬೇಕು. ನಿಂತ ಎಂಜಿನ್‌ನಲ್ಲಿ ಮಡ್ಡಿ ಕಟ್ಟಿರುತ್ತೆ. ಸೀಮೆಎಣ್ಣೆ ಅದನ್ನು ಕರಗಿಸಿ ಹೊರಗೆ ಹಾಕಲ್ಲ, ಕಿತ್ತು ಒಳಗೇ ಅಲೆಸುತ್ತೆ. ಅದು ಹೋಗಿ ಸಂಪ್ (ಎಂಜಿನ್ ತಳದ ಆಯಿಲ್ ತೊಟ್ಟಿ) ಜಾಲರಿಗೆ, ಆಯಿಲ್ ಹೋಗುವ ಸಣ್ಣ ತೂತುಗಳಿಗೆ ಕೂರುತ್ತೆ. ಜೊತೆಗೆ ಆಯಿಲ್ ತೆಳ್ಳಗಾಗುತ್ತೆ. ಈ ಎಂಜಿನ್‌ನ ಕ್ರ್ಯಾಂಕ್‌ಗೆ ಇರುವುದೇ ಮೂರು ಮೇನ್ ಬೇರಿಂಗ್. ಅವು ಹೋದರೆ ಪೂರ್ತಿ ಎಂಜಿನ್ ಕೆಲಸ.

ಮೈಸೂರು: ಸಿಂಥೆಟಿಕ್ ಆಯಿಲ್ ಹಾಕಿದ್ದರೆ ಮಡ್ಡಿಯೇ ಕಟ್ಟುತ್ತಿರಲಿಲ್ಲ.

ಬೆಳಗಾವಿ: ರೀ, ಈ ಎಂಜಿನ್‌ಗೆ ಕ್ರ್ಯಾಂಕ್ ಹಿಂದುಗಡೆ ರಬ್ಬರ್ ಸೀಲೇ ಇಲ್ಲ, ಆಯಿಲ್ ವಾಪಸ್ ತಳ್ಳೋಕೆ ಬರೀ ಸುರುಳಿ ಗೆರೆ. ತೆಳು ಆಯಿಲ್ ಹಾಕಿದರೆ ನೆಲಕ್ಕೇ ಸುರಿಯುತ್ತೆ. 20ಡಬ್ಲ್ಯೂ-50 ಗ್ರೇಡಿನ ದಪ್ಪ ಮಿನರಲ್ ಆಯಿಲ್ ಸಾಕು.

ಮೈಸೂರು: ಸಿಂಥೆಟಿಕ್ ಅಂದರೆ ತೆಳುವೇ ಅಂತ ಯಾರು ಹೇಳಿದ್ದು? ಸಿಂಥೆಟಿಕ್‌ನಲ್ಲೂ 20ಡಬ್ಲ್ಯೂ-50 ಬರುತ್ತೆ. ಡಬ್ಬದ ಮೇಲೆ ಓದಿ.

ಬೆಳಗಾವಿ: ಡಬ್ಬ ಓದಿ ಮೆಕ್ಯಾನಿಕ್ ಆದವರು ನೀವು. ಗಾಡಿ ಇದೆಯೋ, ಬರೀ ಡಬ್ಬವೋ?

ಅಡ್ಮಿನ್: ಇಬ್ಬರೂ ಸಾಕು ಮಾಡಿ.

ಶಿವಮೊಗ್ಗ ಕಾಂಟೆಸಾ: ಕ್ಲಚ್ ಒತ್ತಿದಾಗ ಮಾತ್ರ ಸದ್ದು. ಬೆಲ್ಟ್‌ಗೆ ಪೌಡರ್ ಹಾಕಿ ನೋಡಲಾ?

ಮೇಸ್ತ್ರಿ: ಕ್ಲಚ್‌ಗೂ ಬೆಲ್ಟ್‌ಗೂ ಏನು ಸಂಬಂಧ? ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್ ಇರಬೇಕು. ಗೇರ್‌ಬಾಕ್ಸ್ ಇಳಿಸಿ ನೋಡಬೇಕು. ಪೌಡರ್ ಬಗ್ಗೆ ಮೇಲೆ ಬರೆದಿದ್ದೇನೆ.

ಹಾಸನ ಅಂಬಾಸಿಡರ್: ಡಿಸ್ಟ್ರಿಬ್ಯೂಟರ್‌ಗೆ ಆಯಿಲ್ ಬಿಟ್ಟೆ, ಸದ್ದು ಹಾಗೇ ಇದೆ. ಕವರ್ ತೆಗೆದು ನೋಡಿದರೆ ಹಿಂದಿನ ಎರಡು ರಾಕರ್ ಪೂರಾ ಒಣ. ಉಳಿದವು ಒದ್ದೆ ಇವೆ.

ಮೇಸ್ತ್ರಿ: ಈಗಲೇ ಆಫ್ ಮಾಡಿ. ಆ ಎರಡರ ಕೆಳಗೆ ಶಾಫ್ಟ್ ತೂತು ಕಟ್ಟಿರಬೇಕು. ರಾಕರ್ ಶಾಫ್ಟ್ ಬಿಚ್ಚಿ ಒಳಗೆಲ್ಲ ತೊಳೆಸಿ, ಬುಷ್ ಸವೆದಿದ್ದರೆ ಬದಲಾಯಿಸಿ. ಸಂಪ್ ಇಳಿಸಿ ಜಾಲರಿ ನೋಡದೆ ಹೊಸ ಆಯಿಲ್ ಸುರಿಯಬೇಡಿ. ಗ್ಯಾರೇಜಿಗೆ ಟೋ ಮಾಡಿಸಿಕೊಂಡೇ ಹೋಗಿ.

ಹಾಸನ ಅಂಬಾಸಿಡರ್: ಭಾವ ಕೇಳ್ತಿದ್ದಾರೆ, ಈ ಸಲ ಡೀಸೆಲ್ ಹಾಕಿ ನೋಡಬಹುದಾ ಅಂತ.

ಮೇಸ್ತ್ರಿ: ಗಾಡಿ ಕೀ ಅವರ ಕೈಗೆ ಕೊಡಬೇಡಿ. ನಾನು ಊಟಕ್ಕೆ ಹೊರಟೆ.

ಮಂಗಳೂರು ಹೆರಾಲ್ಡ್: ಮೇಸ್ತ್ರಿ, ನನ್ನ ಬುಷ್?