ಎನ್‌ಪಿಸಿಸಿ ಮಾಡೋಕಿಂತ ಮುಂಚೆ ಯಾವ ವಾರ್ಡಿನ ಅನುಭವ ಬೇಕು?

ಪ್ರಶ್ನೆ (ಯಾದಗಿರಿ)
ಬಿಎಸ್ಸಿ ನರ್ಸಿಂಗ್ ಮುಗಿದದ, ಕೌನ್ಸಿಲ್ ರಿಜಿಸ್ಟ್ರೇಷನ್ನೂ ಆಗ್ಯದ. ಮುಂದ ನರ್ಸ್ ಪ್ರಾಕ್ಟೀಷನರ್ ಇನ್ ಕ್ರಿಟಿಕಲ್ ಕೇರ್ (ಎನ್‌ಪಿಸಿಸಿ, ಐಸಿಯು ಪೇಷಂಟ್‌ಗಳನ್ನ ನೋಡೋ ನರ್ಸ್‌ಗಳ ಮುಂದಿನ ಕೋರ್ಸ್) ಮಾಡಬೇಕಂತ ಮನಸ್ಸದ. ಮೂರು ಕಡೆ ಕೆಲಸ ಸಿಗೋ ಹಂಗದ: ಊರಾಗ 20 ಬೆಡ್ಡಿನ ನರ್ಸಿಂಗ್ ಹೋಂ, ಅದರಾಗ 4 ಬೆಡ್ ಐಸಿಯು, ಕಲಬುರಗಿಯ ಒಂದು ದೊಡ್ಡ ಆಸ್ಪತ್ರೆಯ ಮೆಡಿಕಲ್ ವಾರ್ಡ್, ಅಲ್ಲೇ ಇನ್ನೊಂದು ಆಸ್ಪತ್ರೆಯ ಕ್ಯಾಷುವಾಲಿಟಿ. ಪಗಾರ ಊರಾಗೇ ಜಾಸ್ತಿ. ಯಾವುದು ಹಿಡೀಲಿ, ಎಷ್ಟು ದಿನ ಮಾಡ್ಲಿ? ತಿಳಿದವರು ಹೇಳ್ರಿ.

ಉತ್ತರ 1 (ಐಸಿಯು ಇನ್‌ಚಾರ್ಜ್, ಕಲಬುರಗಿ)
ತಂಗಿ, ಮೊದಲು ನಿಯಮ ನೋಡು. ಇಂಡಿಯನ್ ನರ್ಸಿಂಗ್ ಕೌನ್ಸಿಲ್‌ನ ಈ ಕೋರ್ಸ್ 2 ವರ್ಷದ ರೆಸಿಡೆನ್ಸಿ, ಅಂದ್ರ ಆಸ್ಪತ್ರೆಯಾಗ ಕೆಲಸ ಮಾಡ್ತಾನೇ ಕಲಿಯೋದು. ಬಿಎಸ್ಸಿ ಒಳಗ 55% ಇರಬೇಕು, ಕನಿಷ್ಠ 1 ವರ್ಷ ಕ್ಲಿನಿಕಲ್ ಅನುಭವ ಇರಬೇಕು, ಅದೂ ಕ್ರಿಟಿಕಲ್ ಕೇರ್‌ದಾಗ ಇದ್ರ ಛಲೋ. ಒಂದು ವರ್ಷ ಅನ್ನೋದು ಅರ್ಜಿ ಹಾಕಲಿಕ್ಕ ಸಾಕು, ರೆಸಿಡೆನ್ಸಿ ತಡಕೊಳ್ಳಲಿಕ್ಕ ಎರಡು ವರ್ಷ ಆದ್ರ ಒಳ್ಳೇದು.

ಬೋರ್ಡಿನ ಮ್ಯಾಲ ಐಸಿಯು ಅಂತ ಬರದದ ಅಂದಕೂಡ್ಲೇ ಒಪ್ಪಿಕೋಬ್ಯಾಡ. ಆ ನರ್ಸಿಂಗ್ ಹೋಂಗ ಹೋಗಿ ಕೇಳು: ತಿಂಗಳಿಗೆ ಎಷ್ಟು ಪೇಷಂಟ್ ವೆಂಟಿಲೇಟರ್ ಮ್ಯಾಲ ಇರ್ತಾರ? ಎಬಿಜಿ (ರಕ್ತದಾಗಿನ ಆಮ್ಲಜನಕ, ಆಮ್ಲ ನೋಡೋ ಪರೀಕ್ಷೆ) ಅಲ್ಲೇ ಆಗ್ತದೋ, ಹೊರಗ ಕಳಿಸ್ತಾರೋ? ರಾತ್ರಿ ಡಾಕ್ಟರ್ ಒಳಗೇ ಇರ್ತಾರೋ, ಫೋನ್‌ದಾಗೋ? ವೆಂಟಿಲೇಟರ್ ಪೇಷಂಟಿಗೆ ಒಬ್ಬ ನರ್ಸ್ ಅನ್ನೋದೇ ಸರಿಯಾದ ಲೆಕ್ಕ; ನಾಲ್ಕೂ ಬೆಡ್ ಒಬ್ಬರೇ ನೋಡ್ತಾರಂದ್ರ ಗಂಟಿಗೊಮ್ಮೆ ಚಾರ್ಟ್ ತುಂಬೋದ್ರಾಗೇ ಡ್ಯೂಟಿ ಮುಗೀತದ, ಬರೆದಿದ್ದನ್ನ ಓದಲಿಕ್ಕ ಹೊತ್ತು ಸಿಗೂದಿಲ್ಲ.

ಓದೋದೇ ಮುಖ್ಯ. 60 ಕಿಲೋ ಪೇಷಂಟಿಗೆ ಗಂಟೆಗೆ ಕನಿಷ್ಠ 30 ಮಿಲಿ ಮೂತ್ರ ಬರಬೇಕು. 50, 35, 20 ಅಂತ ಇಳೀಲಿಕ್ಕ ಹತ್ತಿದ್ರ ಬಿಪಿ ಇನ್ನೂ ಸರಿ ಇದ್ರೂ ಆಗಲೇ ಹೇಳಬೇಕು. ಹಂಗೇ ಸಿರಿಂಜ್ ಪಂಪಿನ ಲೆಕ್ಕ: ಬಿಪಿ ಏರಿಸೋ ನಾರ್‌ಅಡ್ರಿನಲಿನ್ 4 ಮಿಗ್ರಾಂ 50 ಮಿಲಿಯೊಳಗ ಅಂದ್ರ ಮಿಲಿಗೆ 80 ಮೈಕ್ರೋಗ್ರಾಂ. 60 ಕಿಲೋಗೆ 0.1 ಮೈಕ್ರೋಗ್ರಾಂ/ಕಿಲೋ/ನಿಮಿಷ ಬೇಕಾದ್ರ ಗಂಟೆಗೆ 4.5 ಮಿಲಿ. ತಪ್ಪು ಆಗೋದು ಆಂಪೂಲ್ ಲೇಬಲ್‌ದಾಗ: ಬೈಟಾರ್ಟ್ರೇಟ್ (ಔಷಧದ ಲವಣ ರೂಪ) 2 ಮಿಗ್ರಾಂ ಅಂದ್ರ ಬೇಸ್ (ಅದರಾಗಿನ ಅಸಲು ಔಷಧ) 1 ಮಿಗ್ರಾಂ ಅಷ್ಟೇ. ಯಾವುದರ ಲೆಕ್ಕ ಅಂತ ನೋಡದೇ ತುಂಬಿದ್ರ ಡೋಸ್ ಅರ್ಧಕ್ಕ ಇಳೀತದ, ಇಲ್ಲಾ ದುಪ್ಪಟ್ಟು ಆಗ್ತದ. ಇಂಥದನ್ನ ಪಕ್ಕದಾಗ ನಿಂತು ಕಲಿಸೋ ಹಿರಿಯ ಸಿಸ್ಟರ್ ಇಲ್ಲದ ಐಸಿಯು ನಿನಗ ಬ್ಯಾಡ, ಪಗಾರ ಎಷ್ಟೇ ಇರಲಿ.

ಉತ್ತರ 2 (ಕ್ಯಾಷುವಾಲಿಟಿ ನರ್ಸ್, ಬೀದರ್)
ಕ್ಯಾಷುವಾಲಿಟಿಯನ್ನು ಕಡೆಗಣಿಸಬೇಡಿ. ನಮ್ಮ ಭಾಗದಲ್ಲಿ ಹೊಲಕ್ಕೆ ಹೊಡೆಯುವ ಔಷಧ ಕುಡಿದವರು, ಹಾವು ಕಡಿದವರು ಮೊದಲು ಬರುವುದೇ ಅಲ್ಲಿಗೆ. ಹಾವು ಕಡಿತಕ್ಕೆ 20 ನಿಮಿಷದ ಹೆಪ್ಪುಗಟ್ಟುವ ಪರೀಕ್ಷೆ ನರ್ಸ್ ಕೈಯಲ್ಲೇ ಆಗುತ್ತದೆ: ಹೊಸ, ಒಣ ಗಾಜಿನ ನಳಿಗೆಗೆ 2 ಮಿಲಿ ರಕ್ತ ಹಾಕಿ, 20 ನಿಮಿಷ ಅಲುಗಾಡಿಸದೆ ಇಟ್ಟು, ಆಮೇಲೆ ಒಮ್ಮೆ ಬಾಗಿಸಿ ನೋಡಬೇಕು. ಸೋಪಿನಲ್ಲಿ ತೊಳೆದ ನಳಿಗೆಯಾದರೆ ರಕ್ತ ಹೆಪ್ಪುಗಟ್ಟದೇ ಇರಬಹುದು, ಬೇಡದ ಪೇಷಂಟಿಗೂ ಆ್ಯಂಟಿವೆನಮ್ ಹೋಗುತ್ತದೆ. ಪ್ಲಾಸ್ಟಿಕ್ ನಳಿಗೆಯೂ ಆಗದು. ಆ್ಯಂಟಿವೆನಮ್ ಹಚ್ಚುವ ಮೊದಲೇ, ಅಲರ್ಜಿಯಾದರೆ ಕೊಡಲು ಅಡ್ರಿನಲಿನ್ ತುಂಬಿ ಇಟ್ಟಿರಬೇಕು, ದೊಡ್ಡವರಿಗೆ 0.5 ಮಿಗ್ರಾಂ ಸ್ನಾಯುವಿಗೆ.

ಕೀಟನಾಶಕದ ಕೇಸಿನಲ್ಲಿ ಆ ವಿಷಕ್ಕೆ ಕೊಡುವ ಅಟ್ರೋಪಿನ್ ಸಾಕಾಯಿತೇ ಎಂದು ಕಣ್ಣಿನ ಪಾಪೆ ನೋಡಿ ನಿರ್ಧರಿಸುವುದು ಹಳೆಯ ತಪ್ಪು. ಸ್ಟೆತ್ ಇಟ್ಟು ಎದೆ ಕೇಳಬೇಕು. ಎದೆ ತಿಳಿಯಾಗಬೇಕು, ನಾಡಿ 80ರ ಮೇಲೆ, ಮೇಲಿನ ಬಿಪಿ 80ರ ಮೇಲೆ ಇರಬೇಕು. ಜ್ವರ, ಬಡಬಡಿಕೆ, ಹೊಟ್ಟೆಯ ಸದ್ದು ನಿಂತಿದ್ದರೆ ಅಟ್ರೋಪಿನ್ ಹೆಚ್ಚಾಗಿದೆ ಎಂದರ್ಥ.

ಉತ್ತರ 1, ಮತ್ತೆ
ಖರೇ ಅದ, ಆದ್ರ ಆ ಕೀಟನಾಶಕ ಕುಡಿದ ಪೇಷಂಟ್ ಒಂದು ತಾಸಿನ್ಯಾಗ ಕ್ಯಾಷುವಾಲಿಟಿ ಬಿಟ್ಟು ಹೋಗ್ತಾನ. 24ರಿಂದ 96 ತಾಸಿನೊಳಗ ಕುತ್ತಿಗಿ ಬಲ ಬಿಟ್ಟು, ತಲೆ ದಿಂಬಿನಿಂದ ಎತ್ತಲಿಕ್ಕ ಆಗದೇ, ಉಸಿರು ಸಣ್ಣಗಾಗ್ತಾ ಹೋಗೋದು ಐಸಿಯುದಾಗ ಕಾಣಿಸ್ತದ. ಪ್ರತಿ ಪಾಳಿಗೂ 'ತಲಿ ಎತ್ತು ನೋಡೋಣ' ಅಂತ ಕೇಳೋ ನರ್ಸ್ ಅದನ್ನ ಮೊದಲು ಹಿಡೀತಾಳ. ನರ್ಸ್ ಪ್ರಾಕ್ಟೀಷನರ್‌ಗೆ ಬೇಕಾದ ಕಣ್ಣು ಅದು. ಹಾಗಾಗಿ ಕ್ಯಾಷುವಾಲಿಟಿ ಹಿಡಿದ್ರ ಆರು ತಿಂಗಳಿಗೆ ಐಸಿಯುಗ ಬದಲಿ ಕೊಡ್ತೀವಂತ ಆಫರ್ ಲೆಟರ್‌ದಾಗೇ ಬರೆಸಿಕೋ.

ಉತ್ತರ 3 (ನರ್ಸಿಂಗ್ ಟ್ಯೂಟರ್, ಕಲಬುರಗಿ)
ಮೆಡಿಕಲ್ ವಾರ್ಡಿನಿಂದ ಶುರು ಮಾಡುವುದೇ ಸರಿ ಎನ್ನುತ್ತೇನೆ. ಹತ್ತಾರು ಪೇಷಂಟ್‌ಗಳ ನಡುವೆ ಯಾರ ಹತ್ತಿರ ಮೊದಲು ಹೋಗಬೇಕು ಎಂಬುದನ್ನು ವಾರ್ಡ್ ಕಲಿಸಿದಂತೆ ಬೇರೆ ಯಾವುದೂ ಕಲಿಸುವುದಿಲ್ಲ. ಮಾನಿಟರ್ ಇಲ್ಲದ ಕಡೆ ಉಸಿರಾಟದ ವೇಗವನ್ನು ಪೂರ್ತಿ ಒಂದು ನಿಮಿಷ ಎಣಿಸುವ ರೂಢಿಯೂ ಬೀಳುತ್ತದೆ. ಎಲ್ಲರಿಗೂ 20 ಎಂದು ಬರೆದ ಚಾರ್ಟ್‌ನಿಂದ ಯಾರಿಗೂ ಉಪಯೋಗವಿಲ್ಲ. ಆರು ತಿಂಗಳು ಸಾಕು. ಅದಕ್ಕಿಂತ ಹೆಚ್ಚು ನಿಂತರೆ ಅಲ್ಲೇ ಉಳಿಯುತ್ತೀರಿ. ನಂತರ ಅದೇ ಆಸ್ಪತ್ರೆಯ ಐಸಿಯುನಲ್ಲಿ ಒಂದೂವರೆ ವರ್ಷ. ಮೂರರಲ್ಲಿ ನನ್ನ ಆಯ್ಕೆ ಇದೇ, ಆ ಆಸ್ಪತ್ರೆಯಲ್ಲಿ ವೆಂಟಿಲೇಟರ್ ಐಸಿಯು ಇದ್ದರೆ ಮಾತ್ರ.

ಹೆರಿಗೆ ಕಡೆ ಮನಸ್ಸಿದ್ದವರಿಗೆ ದಾರಿ ಬೇರೆ. ನರ್ಸ್ ಪ್ರಾಕ್ಟೀಷನರ್ ಇನ್ ಮಿಡ್‌ವೈಫರಿ 18 ತಿಂಗಳ ತರಬೇತಿ. ಅದಕ್ಕೆ ಲೇಬರ್ ರೂಮಿನ ಅನುಭವ ಬೇಕು, ಐಸಿಯು ಅಲ್ಲ.

ಉತ್ತರ 4 (ಆಸ್ಪತ್ರೆ ಎಚ್‌ಆರ್ ವಿಭಾಗ)
ಕಾಗದಪತ್ರದ ಮಾತು ಯಾರೂ ಎತ್ತಲಿಲ್ಲ. ರಿಜಿಸ್ಟ್ರೇಷನ್ ಆದ ದಿನದಿಂದ ಮಾತ್ರ ಅನುಭವ ಎಣಿಸಿಕೊಳ್ಳಿ. ಸರ್ಟಿಫಿಕೇಟ್‌ನಲ್ಲಿ ಬರೀ 'ಸ್ಟಾಫ್ ನರ್ಸ್' ಎಂದಿದ್ದರೆ ಕ್ರಿಟಿಕಲ್ ಕೇರ್ ಅನುಭವಕ್ಕೆ ದಾಖಲೆ ಇರುವುದಿಲ್ಲ. ವಾರ್ಡಿನ ಹೆಸರು, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಬೆಡ್ ಸಂಖ್ಯೆ, ನಿಮ್ಮ ರಿಜಿಸ್ಟ್ರೇಷನ್ ನಂಬರ್ ಎಲ್ಲ ಇರಲಿ. ಪಗಾರ ಬ್ಯಾಂಕ್ ಖಾತೆಗೇ ಹಾಕಿಸಿಕೊಳ್ಳಿ, ನಗದಾದರೆ ಮುಂದೆ ತೋರಿಸಲು ಏನೂ ಉಳಿಯುವುದಿಲ್ಲ. ಮೂಲ ಅಂಕಪಟ್ಟಿಗಳನ್ನು ಯಾರ ಹತ್ತಿರವೂ ಒತ್ತೆ ಇಡಬೇಡಿ, ಜೆರಾಕ್ಸ್ ಕೊಡಿ. ಬಾಂಡ್ (ಇಷ್ಟು ದಿನ ಕೆಲಸ ಬಿಡುವುದಿಲ್ಲ ಎಂಬ ಒಪ್ಪಂದ) ಇದ್ದರೆ ಅದು ಮುಗಿಯುವ ತಿಂಗಳನ್ನೂ ಕೋರ್ಸಿನ ಪ್ರವೇಶದ ತಿಂಗಳನ್ನೂ ಪಕ್ಕಪಕ್ಕ ಬರೆದು ನೋಡಿ, ಆಮೇಲೆ ಸಹಿ ಹಾಕಿ. ಕಾಲೇಜು ಆರಿಸುವಾಗ ಎನ್‌ಪಿಸಿಸಿಗೇ ಕೌನ್ಸಿಲ್ ಮಾನ್ಯತೆ ಇದೆಯೇ ಎಂದು ಪಟ್ಟಿಯಲ್ಲಿ ನೋಡಿ. ಸಾಮಾನ್ಯ ಎಂಎಸ್ಸಿ ನರ್ಸಿಂಗ್‌ಗೆ ಮಾನ್ಯತೆ ಇದ್ದರೆ ಇದಕ್ಕೂ ಇದೆ ಎಂದಲ್ಲ.