ಫೈಬರ್ ಲೈನ್ ಬಂದ ಮೇಲೆ ಮನೆ ಕಂಪ್ಯೂಟರ್‌ನಿಂದ ಫ್ಯಾಕ್ಸ್ ಪೂರ್ತಿ ಹೋಗುತ್ತಿಲ್ಲ, ಏನು ಮಾಡಲಿ?

ಹೇಮಾವತಿ ದಂಡೆ (ಹಾಸನ):
ನಮಸ್ಕಾರ. ಅಮೆರಿಕದ ಒಂದು ಸಣ್ಣ ಕ್ಲಿನಿಕ್‌ಗೆ ಹಾಸನದಲ್ಲಿ ಮನೆಯಿಂದಲೇ ಮೆಡಿಕಲ್ ಬಿಲ್ಲಿಂಗ್ ಮಾಡುತ್ತೇನೆ. ಅಲ್ಲಿನ ಇನ್ಶೂರೆನ್ಸ್‌ನವರು ಎಷ್ಟೋ ಕಾಗದಗಳನ್ನು ಇವತ್ತಿಗೂ ಫ್ಯಾಕ್ಸ್‌ನಲ್ಲೇ ಕೇಳುತ್ತಾರೆ. ನನ್ನ ಹತ್ತಿರ ಇರುವುದು ಯುಎಸ್‌ಬಿ ಫ್ಯಾಕ್ಸ್ ಮೋಡೆಮ್ ಮತ್ತು ವಿಂಡೋಸ್ ಫ್ಯಾಕ್ಸ್ ಅಂಡ್ ಸ್ಕ್ಯಾನ್. ಎರಡು ವರ್ಷ ಏನೂ ತೊಂದರೆ ಇರಲಿಲ್ಲ.

ಹೋದ ತಿಂಗಳು ತಾಮ್ರದ ಲೈನ್ ತೆಗೆದು ಫೈಬರ್ ಹಾಕಿದರು. ನಂಬರ್ ಅದೇ, 08172ರದ್ದೇ. ಮಾತಾಡಿದರೆ ಮೊದಲಿಗಿಂತ ಚೆನ್ನಾಗಿ ಕೇಳಿಸುತ್ತದೆ. ಆದರೆ ಫ್ಯಾಕ್ಸ್ ಹಾಕಿದರೆ ಕೀಂ, ಕರ್ರ್ ಅಂತ ಎರಡೂ ಕಡೆ ಸದ್ದು ಸೇರುತ್ತದೆ, ಒಂದನೇ ಪುಟ ಹೋಗುತ್ತದೆ, ಎರಡನೆಯದರ ಮಧ್ಯದಲ್ಲಿ ಲೈನ್ ಬಿದ್ದುಹೋಗುತ್ತದೆ. ಮೊನ್ನೆ ಒಂಬತ್ತು ಪುಟದ ಅಪೀಲನ್ನು (ಇನ್ಶೂರೆನ್ಸ್‌ನವರು ದುಡ್ಡು ಕೊಡಲ್ಲ ಅಂದಾಗ ಮತ್ತೆ ನೋಡಿ ಅಂತ ಹಾಕುವ ಅರ್ಜಿ) ರಾತ್ರಿ ಒಂದೂವರೆವರೆಗೆ ಕೂತು ಐದು ಸಲ ಹಾಕಿದೆ, ಐದು ಸಲವೂ ಹಾಗೇ ಆಯಿತು. ಅಪೀಲಿಗೆ ಕೊನೇ ದಿನ ಅಂತ ಇರುತ್ತದೆ, ದಾಟಿದರೆ ಪಾಪ ಆ ರೋಗಿ ಕೈಯಿಂದ ದುಡ್ಡು ಕಟ್ಟಬೇಕಾಗಬಹುದು. ಅದೇ ಚಿಂತೆ ನನಗೆ. ಬರುವ ಫ್ಯಾಕ್ಸ್ ಕೂಡ ಅರ್ಧಕ್ಕೇ ನಿಲ್ಲುತ್ತಿದೆ. ಹೊಸ ಮೋಡೆಮ್ ತಗೊಳ್ಳಬೇಕಾ?

ತಂತಿ ತಾಮ್ರ (ಚಿಕ್ಕಮಗಳೂರು):
ಮೇಡಂ, ದಯವಿಟ್ಟು ಮೋಡೆಮ್‌ಗೆ ದುಡ್ಡು ಹಾಕಬೇಡಿ. ಮೊದಲನೇ ಪುಟ ಹೋಗಿದೆ ಅಂದರೆ ಮೋಡೆಮ್ ಸರಿಯಾಗೇ ಇದೆ ಅಂತಲೇ ಲೆಕ್ಕ. ಬದಲಾಗಿರುವುದು ಲೈನ್. ತಾಮ್ರದ ತಂತಿಯಲ್ಲಿ ಸದ್ದು ಸದ್ದಾಗಿಯೇ ಎಕ್ಸ್‌ಚೇಂಜ್ ಮುಟ್ಟುತ್ತಿತ್ತು. ಫೈಬರ್ ಡಬ್ಬಿಯ ಹಿಂದೆ ಫೋನಿಗೆ ಅಂತ ತೂತು ಇದೆಯಲ್ಲ, ಅಲ್ಲಿಂದ ಹೊರಟ ಸದ್ದು ಚಿಕ್ಕ ಚಿಕ್ಕ ಪ್ಯಾಕೆಟ್ ಆಗಿ ಹೋಗುತ್ತದೆ. ನಡುವೆ ಒಂದೆರಡು ಕಳೆದುಹೋದರೆ ನಮ್ಮ ಕಿವಿಗೆ ಗೊತ್ತೇ ಆಗುವುದಿಲ್ಲ, ಮಾತು ಅರ್ಥವಾಗುತ್ತದೆ. ಫ್ಯಾಕ್ಸ್‌ಗೆ ಹಾಗಲ್ಲ. ಅದಕ್ಕೆ ಪುಟದ ಒಂದೊಂದು ಗೆರೆಯೂ 1728 ಚುಕ್ಕೆ, ಆ ಚುಕ್ಕೆಗಳೆಲ್ಲ ಸದ್ದಿನೊಳಗೇ ಕೂತಿರುತ್ತವೆ. ಸದ್ದು ಹರಿದರೆ ಪುಟವೂ ಹರಿಯಿತು.

ಟೆಲಿಫೋನ್‌ನವರಿಗೆ ಫೋನ್ ಮಾಡಿ ಎರಡೇ ಮಾತು ಕೇಳಿ: ಟಿ.38 ಇದೆಯಾ, ಇಲ್ಲದಿದ್ದರೆ ನನ್ನ ಲೈನ್‌ಗೆ ಜಿ.711 ಹಾಕಿಕೊಡುತ್ತೀರಾ? ಟಿ.38 ಅನ್ನುವುದು ಇಂಥ ಪ್ಯಾಕೆಟ್ ಲೈನ್‌ನಲ್ಲಿ ಫ್ಯಾಕ್ಸ್ ಕಳಿಸಲೆಂದೇ ಮಾಡಿದ ವಿಧಾನ. ಜಿ.711, ಜಿ.729 ಎರಡೂ ಸದ್ದನ್ನು ಪ್ಯಾಕೆಟ್‌ಗೆ ತುಂಬುವ ವಿಧಾನಗಳು; ಜಿ.711 ಸದ್ದನ್ನು ಜಾಸ್ತಿ ಹಿಂಡುವುದಿಲ್ಲ. ಜಿ.729 ಇದ್ದರೆ ಫ್ಯಾಕ್ಸ್ ಆಸೆ ಬಿಡಿ, ಅದು ಮನುಷ್ಯರ ಮಾತಿಗೆ ಮಾತ್ರ.

ನಿಮ್ಮ ಕಡೆಯಿಂದ ಫ್ಯಾಕ್ಸ್ ವೇಗ (ಸೆಕೆಂಡಿಗೆ ಇಷ್ಟು ಬಿಟ್ ಅಂತ) 14400 ಇದ್ದರೆ 9600ಕ್ಕೆ ಇಳಿಸಿ. ಫೈನ್ ಬಿಟ್ಟು ಸ್ಟ್ಯಾಂಡರ್ಡ್‌ನಲ್ಲಿ ಕಳಿಸಿ, ಗೆರೆಗಳು ಅರ್ಧಕ್ಕೆ ಇಳಿಯುತ್ತವೆ, ಲೈನ್ ಮೇಲೆ ಇರುವ ಹೊತ್ತೂ ಕಡಿಮೆ. ಅಕ್ಷರ ತುಂಬಾ ಸಣ್ಣದಿದ್ದರೆ ಮಾತ್ರ ಫೈನ್ ಇರಲಿ. ಮೋಡೆಮ್ ವೈರ್ ನೇರ ಆ ಡಬ್ಬಿಗೇ ಹಾಕಿ, ನಡುವೆ ಸ್ಪ್ಲಿಟರ್ ಬೇಡ. ಇನ್ನೊಂದು: ಹಳೇ ಲೈನಿಗೆ ಕರೆಂಟ್ ಎಕ್ಸ್‌ಚೇಂಜ್‌ನಿಂದಲೇ ಬರುತ್ತಿತ್ತು, ಇದಕ್ಕೆ ಮನೆಯ ಕರೆಂಟೇ ಬೇಕು, ಹಾಗಾಗಿ ಡಬ್ಬಿಯನ್ನೂ ಯುಪಿಎಸ್‌ಗೆ ಸೇರಿಸಿ.

ಇಷ್ಟೆಲ್ಲ ಮಾಡಿದರೂ ಅಮೆರಿಕ ಮುಟ್ಟುವ ದಾರಿಯಲ್ಲಿ ಬೇರೆ ಯಾರೋ ಸದ್ದನ್ನು ಹಿಂಡಿದರೆ ನಿಮ್ಮ ಕೈಲಿ ಏನೂ ಇಲ್ಲ. ಅದು ತಲೆಯಲ್ಲಿರಲಿ.

ಕಾಫಿ ಲೆಕ್ಕ (ಮೂಡಿಗೆರೆ):
ನೋಡಮ್ಮ, ನಾನು ಎಸ್ಟೇಟ್ ಲೆಕ್ಕ ಬರೆಯುವವನು. 1996ರಲ್ಲಿ ಕಾಫಿ ಪೂರ್ತಿ ಮುಕ್ತ ಮಾರಾಟಕ್ಕೆ ಬಂದಾಗ ಬೆಳಗ್ಗೆ ರೇಟ್ ನಮಗೆ ಬರುತ್ತಿದ್ದದ್ದು ಫ್ಯಾಕ್ಸ್‌ನಲ್ಲೇ. ಆಗಿನ ಥರ್ಮಲ್ ಕಾಗದ ಹಾಗೇ ಫೈಲ್ ಮಾಡಿಟ್ಟಿದ್ದೆ. ಹೋದ ವರ್ಷ ಒಂದು ಹಳೇ ಒಪ್ಪಂದ ಬೇಕಾಗಿ ತೆಗೆದೆ. ಪಂಚ್ ಮಾಡಿದ ಎರಡು ತೂತು, ಮೇಲೆ ನಾನೇ ಪೆನ್ನಲ್ಲಿ ಬರೆದ ತಾರೀಖು, ಅಷ್ಟೇ ಉಳಿದಿತ್ತು. ಅಚ್ಚಾದದ್ದೆಲ್ಲ ಮಾಸಿ ಕಾಗದ ಹಳದಿಯಾಗಿತ್ತು. ನಿಮಗೆ ಕಂಪ್ಯೂಟರ್‌ನಲ್ಲೇ ಫೈಲ್ ಆಗಿ ಬರುತ್ತದಲ್ಲ, ಅದು ದೊಡ್ಡ ಪುಣ್ಯ. ಪ್ರತಿ ಸಲ ಕಳಿಸಿದ ರಿಪೋರ್ಟನ್ನೂ, ತಾರೀಖು ಮತ್ತು ಗಂಟೆ ಇರುವುದನ್ನು, ತಪ್ಪದೆ ಸೇವ್ ಮಾಡಿ. ನಾಳೆ ಯಾರಾದರೂ ಬಂದಿಲ್ಲ ಅಂದರೆ ತೋರಿಸಲು ಅದೇ ಸಾಕ್ಷಿ.

ನೈಟ್ ಶಿಫ್ಟ್ (ಅರಸೀಕೆರೆ):
ನಾನೂ ಇದೇ ಬಿಲ್ಲಿಂಗ್ ಕೆಲಸದವಳು ಅಕ್ಕ. ಲೈನ್ ಸರಿ ಮಾಡಿಸಿ, ಆದರೆ ಅದನ್ನೇ ನಂಬಿ ಕೂರಬೇಡಿ. ಅವಸರಕ್ಕೆ ಬಿಟ್ಟಿ ಆನ್‌ಲೈನ್ ಫ್ಯಾಕ್ಸ್‌ಗೆ ಮಾತ್ರ ಹೋಗಬೇಡಿ. ಅದರಲ್ಲಿರುವುದು ರೋಗಿಯ ಹೆಸರು, ಹುಟ್ಟಿದ ತಾರೀಖು, ಕಾಯಿಲೆ. ರೋಗಿಗಳ ಮಾಹಿತಿ ಕಾಪಾಡುವ ಅಮೆರಿಕದ ಹಿಪಾ ಕಾನೂನಿನ ಪ್ರಕಾರ ಇಂಥ ಕಾಗದ ಮುಟ್ಟುವ ಸರ್ವಿಸ್ ಜೊತೆ ಬಿಸಿನೆಸ್ ಅಸೋಸಿಯೇಟ್ ಅಗ್ರಿಮೆಂಟ್, ಅಂದರೆ ಆ ಮಾಹಿತಿಯನ್ನು ಕಾಪಾಡುತ್ತೇವೆ ಅನ್ನುವ ಬರಹದ ಒಪ್ಪಂದ, ಇರಲೇಬೇಕು. ನನ್ನ ಕ್ಲಿನಿಕ್‌ನವರಿಗೆ ಒಂದು ಮೇಲ್ ಹಾಕಿದೆ, ಅವರ ಹತ್ತಿರ ಮೊದಲೇ ಇದ್ದ ಆನ್‌ಲೈನ್ ಫ್ಯಾಕ್ಸ್ ಖಾತೆಯಲ್ಲಿ ನನಗೊಂದು ಲಾಗಿನ್ ಕೊಟ್ಟರು. ಈಗ ಪಿಡಿಎಫ್ ಹಾಕಿದರೆ ಅಲ್ಲಿನ ನಂಬರ್‌ನಿಂದಲೇ ಹೋಗುತ್ತದೆ, ಬರುವುದೂ ಅಲ್ಲಿಗೇ. ಐಎಸ್‌ಡಿ ಖರ್ಚೂ ಇಲ್ಲ.

ಅಲ್ಲಿಯವರೆಗೆ ಮೂರು ಮೂರು ಪುಟ ಮಾಡಿ ಕಳಿಸಿ. ಪ್ರತಿ ಕಂತಿಗೂ ಕವರ್ ಶೀಟ್ ಇರಲಿ, ಅದರಲ್ಲಿ ಕ್ಲೇಮ್ ನಂಬರ್ ಮತ್ತು 'ಮೂರರಲ್ಲಿ ಒಂದನೇ ಭಾಗ' ಅಂತ ಇಂಗ್ಲಿಷ್‌ನಲ್ಲಿ ಬರೆಯಿರಿ. ಇಲ್ಲದಿದ್ದರೆ ಆ ಕಡೆ ಒಂದೊಂದು ಕಂತು ಒಂದೊಂದು ಫೈಲಿಗೆ ಹೋಗಿಬಿಡುತ್ತದೆ.

ಹೇಮಾವತಿ ದಂಡೆ (ಹಾಸನ):
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ 9600, ಸ್ಟ್ಯಾಂಡರ್ಡ್, ಮೂರು ಕಂತು ಮಾಡಿ ಹಾಕಿದೆ. ಎರಡನೇ ಕಂತು ಒಂದು ಸಲ ಬಿತ್ತು, ಮತ್ತೆ ಹಾಕಿದಾಗ ಹೋಯಿತು. ಒಂಬತ್ತೂ ಪುಟ ಮುಟ್ಟಿವೆ, ಕೊನೇ ದಿನಕ್ಕೆ ಇನ್ನೂ ನಾಲ್ಕು ದಿನ ಇದೆ. ಟೆಲಿಫೋನ್‌ನವರು ಟಿ.38 ಬಗ್ಗೆ ಕೇಳಿ ಹೇಳುತ್ತೇವೆ ಅಂದಿದ್ದಾರೆ. ಕ್ಲಿನಿಕ್‌ಗೂ ಲಾಗಿನ್ ಕೇಳಿ ಮೇಲ್ ಹಾಕಿದ್ದೇನೆ.